ಅತಿಥಿ ಅಂಚೆ

ಅಂಚೆಚೀಟಿಗಳನ್ನು ಕೂಡಿಡುವ ಹವ್ಯಾಸವುಳ್ಳ ಮಿತ್ರರೊಬ್ಬರು ಒಂದು ಸಂಜೆ ತಮ್ಮ ಆಲ್ಬಮ್ಮನ್ನು ಬಿಚ್ಚಿ, ಪುಟ್ಟ ಚಿಮಟದಿಂದ ಚೀಟಿಯೊಂದನ್ನು ಎತ್ತಿ ದೀಪದ ಕೆಳಗೆ ಹಿಡಿದರು. ಹೆಬ್ಬೆರಳಿನ ಉಗುರಿಗಿಂತ ತುಸುವೇ ದೊಡ್ಡದಾದ, ಹಸುರು ಬಣ್ಣದ, ಜಾರ್ಜ್ ವಾಷಿಂಗ್ಟನ್ನರ ಮುಖಮುದ್ರೆಯುಳ್ಳ, ಒಂದು ಸೆಂಟು ಬೆಲೆಯ ಸಾಧಾರಣವಾದ ಅಮೆರಿಕದ ಅಂಚೆಚೀಟಿ ಅದು. ಆದರೆ ಆ ಮಹಾಪುರುಷರ ಮುಖದ ಮೇಲೆಯೇ ಕಪ್ಪು ಮಸಿಯಲ್ಲಿ ಮೂರು ಸಾಲುಗಳನ್ನು ಮತ್ತೆ ಅಚ್ಚೊತ್ತಿದ್ದರು: ಶಾಂಘಾಯ್, 2 ಸೆಂಟು, ಚೈನಾ. ಒಂದು ಸೆಂಟು ಎರಡಾದುದೇಕೆಂದು ನಾನು ಕೇಳಲು, ಚೀನದ ಡಾಲರನ್ನು ಅಮೆರಿಕದ ಡಾಲರಿನ ಅರ್ಧವೆಂದು ಲೆಕ್ಕಹಿಡಿದು 1919ರಲ್ಲಿ ಇವನ್ನು ಹೊರಡಿಸಿದರೆಂದೂ, ಶಾಂಘಾಯಿಯ ಅಮೆರಿಕನ್ ಅಂಚೆಯ ಮನೆಯಲ್ಲಿ ಇವು ಮಾರಾಟವಾಗುತ್ತಿದ್ದುವೆಂದೂ ಅವರು ತಿಳಿಸಿದರು. ನನಗೆ ಸೋಜಿಗವಾದುದು ಆ ಲೆಕ್ಕವಲ್ಲ. ಒಂದು ದೇಶದ ನೆಲದಲ್ಲಿ ಮತ್ತೊಂದು ದೇಶದ ಅಂಚೆಯ ಮನೆ ಹೇಗೆ ಬಂದು ಕುಳಿತಿತು, ಅದನ್ನು ಎಬ್ಬಿಸುವುದಕ್ಕೆ ಆ ದೇಶದವರು ಏನು ಪಾಡುಪಟ್ಟರು, ಎಂಬುದೇ ನನ್ನನ್ನು ಈ ಬರೆಹಕ್ಕೆ ಹಚ್ಚಿದ ಪ್ರಶ್ನೆ.

ಚೀನೀಯರು ಇಂಥ ಅಂಚೆಗೆ ಇಟ್ಟುಕೊಂಡಿದ್ದ ಹೆಸರು ‘ಕೆಯೋ’, ಎಂದರೆ ಅತಿಥಿ ಅಂಚೆ. ಆ ಮಾತಿನಲ್ಲಿ ಎಷ್ಟು ಪಾಲು ಸೌಜನ್ಯ, ಎಷ್ಟು ಪಾಲು ಕುಟುಕು ಎಂಬುದನ್ನು ಆ ಭಾಷೆಯನ್ನರಿತವರೇ ಹೇಳಬೇಕು. ತಿಥಿಯ ನಿಯಮವಿಲ್ಲದೆ ಬರುವವನೇ ಅತಿಥಿಯೆಂದು ನಮ್ಮ ಹಿರಿಯರು ನಿರ್ವಚನ ಹೇಳುವುದುಂಟಷ್ಟೆ; ಚೀನಕ್ಕೆ ಬಂದ ಈ ಅತಿಥಿಗಳಿಗೆ ಬರುವುದಕ್ಕೆ ಮಾತ್ರವಲ್ಲ, ಹೋಗುವುದಕ್ಕೂ ತಿಥಿಯೆಂಬುದಿರಲಿಲ್ಲ.

ಅಫೀಮಿನ ಯುದ್ಧದಲ್ಲಿ ಸೋತ ಚೀನವು 1842ರಲ್ಲಿ ನಾನ್‌ಕಿಂಗಿನ ಒಡಂಬಡಿಕೆಗೆ ರುಜುಹಾಕಿ, ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟು, ಐದು ರೇವುಪಟ್ಟಣಗಳನ್ನು ಪರದೇಶದ ವರ್ತಕರಿಗೆ ತೆರೆಯಿತು. ಆ ಒಡಂಬಡಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಅಂಚೆಯ ಮನೆಯನ್ನು ತೆರೆಯುವ ಹಕ್ಕಿನ ಪ್ರಸ್ತಾಪ ಎಲ್ಲಿಯೂ ದೊರೆಯುವುದಿಲ್ಲ. ಆದರೂ ವರ್ತಕರು ಬಂದ ಮೇಲೆ ಅವರ ಕಾಗದಗಳೂ ಬಂದುವು. ಕಾಗದಗಳನ್ನು ಕಾನ್ಸಲರು ತಮ್ಮ ಕಚೇರಿಯಲ್ಲಿ ಕೂಡಿಹಾಕಿ ಹಡಗಿಗೆ ಕೊಡುವ ಪದ್ಧತಿ ಬಂದಿತು. ಆ ಪದ್ಧತಿಗೊಂದು ಮೇಜು, ಮೇಜಿಗೊಂದು ಮೊಹರು, ಮೊಹರಿಗೊಬ್ಬ ಗುಮಾಸ್ತ, ಹೀಗೆ ಬೆಳೆದು, ಯಾರೂ ಅನುಮತಿ ಕೊಡದ, ಯಾರೂ ಅನುಮತಿ ಕೇಳದ ಅಂಚೆಯ ಮನೆಯೊಂದು ಕಾಲಕ್ರಮದಲ್ಲಿ ತಾನೇ ತಾನಾಗಿ ನೆಲೆಗೊಂಡಿತು. ಬ್ರಿಟನ್ನಿನ ಹಿಂದೆ ಫ್ರಾನ್ಸ್, ಅಮೆರಿಕ, ರಷ್ಯ, ಜಪಾನ್, ಜರ್ಮನಿಗಳು ಒಂದಾದಮೇಲೊಂದರಂತೆ ಬಂದುವು. ಜರ್ಮನಿ, ರಷ್ಯ, ಫ್ರಾನ್ಸ್‌ಗಳು ತಂತಮ್ಮ ಚೀಟಿಗಳ ಮೇಲೆ ಚೀನದ ಹೆಸರನ್ನು ತಂತಮ್ಮ ಲಿಪಿಯಲ್ಲಿ ಮೇಲಚ್ಚು ಹಾಕಿಸಿದುವು. ಜಪಾನು 1900ರಲ್ಲಿ ಹಾಗೆ ಮಾಡಿತು. ಬ್ರಿಟನ್ ಮಾತ್ರ ಹಾಂಗ್‌ಕಾಂಗಿನ ಚೀಟಿಗಳನ್ನೇ ಬಹುಕಾಲ ಹಾಗೆಯೇ ಬಳಸಿ, 1917ರ ಜನವರಿಯಿಂದೀಚೆಗೆ ಅವುಗಳ ಮೇಲೆ ‘ಚೈನಾ’ ಎಂದು ಒತ್ತಿಸಿತು.

ಚೀನದಲ್ಲಿ ಅದಕ್ಕೆ ಮುಂಚೆ ಅಂಚೆಯೇ ಇರಲಿಲ್ಲವೆಂದು ತಿಳಿಯುವುದು ತಪ್ಪು. ಚಕ್ರವರ್ತಿಯ ಆಜ್ಞಾಪತ್ರಗಳನ್ನೂ ಪ್ರಾಂತಾಧಿಕಾರಿಗಳ ಬಿನ್ನವತ್ತಳೆಗಳನ್ನೂ ಹೊತ್ತು ಗಾವುದದಿಂದ ಗಾವುದಕ್ಕೆ ಕುದುರೆ ಬದಲಾಯಿಸುತ್ತ ಧಾವಿಸುವ ಓಲೆಕಾರರ ವ್ಯವಸ್ಥೆ ಅಲ್ಲಿ ಅತಿ ಪುರಾತನವಾದುದು; ಆದರೆ ಅದು ಸೇನಾಮಂತ್ರಾಲಯದ ಅಧೀನದಲ್ಲಿದ್ದ ರಾಜಕಾರ್ಯದ ಅಂಚೆ, ಪ್ರಜೆಯ ಕಾಗದಕ್ಕೆ ಅಲ್ಲಿ ಎಡೆಯಿರಲಿಲ್ಲ. ಪ್ರಜೆಗಳ ಪಾಲಿಗಿದ್ದುದು ‘ಮಿನ್‌ಷಿನ್‌ಜು’ ಎಂಬ ಖಾಸಗಿ ಕಾಗದದಂಗಡಿಗಳು. ನಿಂಗ್‌ಬೋ ಪಟ್ಟಣದ ವರ್ತಕರು ಈ ಕಸುಬಿನಲ್ಲಿ ಹೆಸರಾದವರು. ಕಾಗದವನ್ನಷ್ಟೇ ಅಲ್ಲ, ಬೆಳ್ಳಿಯನ್ನೂ ಗಂಟುಮೂಟೆಗಳನ್ನೂ ಅವರು ಸಾಗಿಸುತ್ತಿದ್ದರು. ಕೂಲಿಯಲ್ಲಿ ಒಂದು ಭಾಗವನ್ನು ಕಳುಹಿಸುವವನೂ ಉಳಿದುದನ್ನು ಪಡೆಯುವವನೂ ಕೊಡುವುದು ವಾಡಿಕೆ, ಆ ಲೆಕ್ಕವನ್ನು ಲಕೋಟೆಯ ಬೆನ್ನಿನ ಮೇಲೆಯೇ ಕುಂಚದಿಂದ ಗುರುತುಮಾಡುತ್ತಿದ್ದರು. ಜರೂರಾದ ಕಾಗದವಾದರೆ ಲಕೋಟೆಯ ಒಂದು ಮೂಲೆಯನ್ನು ಬೆಂಕಿಗೆ ಹಿಡಿದು ಸುಡುವರು, ಇಲ್ಲವೆ ಒಂದು ಗರಿಯನ್ನು ಸಿಕ್ಕಿಸುವರು: ಬೆಂಕಿ ಬಿದ್ದಂತೆ ಓಡು, ಹಕ್ಕಿಯಂತೆ ಹಾರು, ಎಂಬ ಆದೇಶವನ್ನು ಓದುಬರೆಹವಿಲ್ಲದ ಓಲೆಕಾರನೂ ಒಂದೇ ನೋಟಕ್ಕೆ ಗ್ರಹಿಸಬೇಕಲ್ಲವೆ? ಇಂದಿನ ಜರೂರು ಟಪಾಲಿನ ಮೇಲೆ ಅಂಟಿಸುವ ಯಾವ ಬಣ್ಣದ ಚೀಟಿಯೂ ಆ ಸುಟ್ಟ ಮೂಲೆಯಷ್ಟು ಸ್ಪಷ್ಟವಾಗಿ ಮಾತನಾಡಲಾರದೆಂದು ನನ್ನ ಎಣಿಕೆ.

ಇಂಥ ನಾಡಿಗೆ ಹೊಸ ಕಾಲದ ರಾಷ್ಟ್ರೀಯ ಅಂಚೆಯನ್ನು ಕಟ್ಟಿಕೊಟ್ಟವನು ಚೀನೀಯನಲ್ಲ, ಐರ್ಲೆಂಡಿನಲ್ಲಿ ಹುಟ್ಟಿದ ರಾಬರ್ಟ್ ಹಾರ್ಟ್. ಈ ಕಥೆಯ ಗಂಟು ಇರುವುದು ಇಲ್ಲಿಯೇ. 1863ರಲ್ಲಿ ಚೀನದ ಕಡಲ ಸುಂಕದ ಇಲಾಖೆಯ ಮುಖ್ಯಾಧಿಕಾರಿಯಾಗಿ ನೇಮಕಗೊಂಡ ಹಾರ್ಟನು ಸುಮಾರು ಅರ್ಧ ಶತಮಾನ ಆ ಪದವಿಯಲ್ಲಿದ್ದನು. ಸಂಬಳವನ್ನು ಚೀನದ ಬೊಕ್ಕಸದಿಂದ ಪಡೆದು, ಚೀನದ ನೌಕರನೆಂದೇ ತನ್ನನ್ನು ಭಾವಿಸಿಕೊಂಡು, ಆದರೆ ತನ್ನ ಇಲಾಖೆಯ ಮೇಲಿನ ದರ್ಜೆಗಳನ್ನೆಲ್ಲ ಪರದೇಶೀಯರಿಂದಲೇ ತುಂಬಿಸಿದನು. ಸುಂಕದ ಠಾಣೆಗಳ ನಡುವೆ ಓಡಾಡುತ್ತಿದ್ದ ಟಪಾಲನ್ನು ಸಾರ್ವಜನಿಕರಿಗೂ ತೆರೆಯುವ ಪ್ರಯೋಗ 1878ರಲ್ಲಿ ನಡೆಯಿತು. ಅದರ ಹೊಣೆ ಹೊತ್ತವನು ಟಿಯೆನ್‌ತ್ಸಿನ್ನಿನಲ್ಲಿದ್ದ ಗುಸ್ಟಾವ್ ಡೆಟ್ರಿಂಗ್ ಎಂಬ ಜರ್ಮನ್ ಅಧಿಕಾರಿ. ಆ ವರ್ಷ ಹೊರಟ, ಮೋಡಗಳ ನಡುವೆ ಮೈಮುರಿದು ಹೊರಳುವ ಡ್ರ್ಯಾಗನ್ ಎಂಬ ಮಹಾಸರ್ಪದ ಚಿತ್ರವುಳ್ಳ ಮೂರು ಚೀಟಿಗಳೇ ಚೀನದ ಪ್ರಥಮ ಅಂಚೆಚೀಟಿಗಳು. ಕೊನೆಗೆ 1896ರ ಮಾರ್ಚ್ 20ರಂದು ಗುವಾಂಗ್‌ಷು ಚಕ್ರವರ್ತಿಯ ಆಜ್ಞೆಯಾಗಿ, ಮರುವರ್ಷ ಚಕ್ರಾಧಿಪತ್ಯದ ಅಂಚೆ ವಿಧ್ಯುಕ್ತವಾಗಿ ತೆರೆಯಿತು. ತೆರೆದುದೇನೋ ದಿಟ, ಆದರೆ ಅದು ಸುಂಕದ ಇಲಾಖೆಯ ಮಗುವಾಗಿಯೇ, ಹಾರ್ಟನ ಮಡಿಲಲ್ಲಿಯೇ ಬೆಳೆಯಿತು. ಮಗುವಿನ ಪಾಲನೆಗೆ ತಾನೂ ಒಬ್ಬ ದಾದಿಯನ್ನು ಕೊಡಬೇಕೆಂದು ಫ್ರಾನ್ಸ್ ಹಟಹಿಡಿದು, ಮುಂದೆ ಅಂಚೆಗೆ ಪ್ರತ್ಯೇಕ ಮುಖ್ಯಾಧಿಕಾರಿಯನ್ನು ನೇಮಿಸುವಾಗ ತನ್ನ ಶಿಫಾರಸನ್ನು ಗಣನೆಗೆ ತೆಗೆದುಕೊಳ್ಳುವುದಾಗಿ 1898ರಲ್ಲಿ ಚೀನದಿಂದ ಮಾತು ಪಡೆಯಿತು. ಅದರ ಫಲವಾಗಿ ಅಂಚೆಯ ಚುಕ್ಕಾಣಿ ಥಿಯೊಫಿಲ್ ಪಿರಿ ಎಂಬ ಫ್ರೆಂಚನ ಕೈಗೆ ಬಂದಿತು.

ಹೊರಗಿನವರ ಅಂಚೆಯನ್ನು ಮನೆಯಿಂದ ಕಳುಹಿಸಬೇಕಾದರೆ ಮನೆಯದೇ ಆದ ಒಳ್ಳೆಯ ಅಂಚೆ ಬೇಕು; ಆ ಒಳ್ಳೆಯ ಅಂಚೆಯನ್ನು ನಡೆಸುವುದಕ್ಕೆ ಹೊರಗಿನವರೇ ಬೇಕು; ಹೊರಗಿನವರು ಒಳಗೆ ಇರುವವರೆಗೆ ಅದು ಮನೆಯ ಅಂಚೆಯೆಂದು ಹೇಳಿಕೊಳ್ಳುವುದಕ್ಕೆ ನಾಲಗೆ ತಡವರಿಸುವುದು. ಈ ಚಕ್ರದಲ್ಲಿ ಸಿಕ್ಕಿಕೊಂಡು ಚೀನವು ಇಪ್ಪತ್ತೈದು ವರ್ಷ ತಿರುಗಿತು. ಅಷ್ಟೇ ಅಲ್ಲ, ಚೀನದ ಅಂಚೆ ಬೆಳೆದಂತೆಲ್ಲ ಅತಿಥಿಗಳ ಅಂಚೆ ಕುಗ್ಗುವುದೆಂಬ ನಿರೀಕ್ಷೆ ತಲೆಕೆಳಗಾಯಿತು. 1898ರ ಅನಂತರ ಪರರಾಷ್ಟ್ರಗಳು ರೇವುಗಳನ್ನೂ ರೈಲುದಾರಿಗಳನ್ನೂ ಹಂಚಿಕೊಳ್ಳುತ್ತ ಹೋದಂತೆ ಅವುಗಳ ಅಂಚೆಯ ಮನೆಗಳೂ ಮಳೆಗಾಲದ ಅಣಬೆಗಳಂತೆ ಎದ್ದುವು.

ನಮ್ಮ ನಾಡಿಗೂ ಈ ಕಥೆಗೂ ಇರುವ ಒಂದು ನಂಟನ್ನು ಇಲ್ಲಿ ಹೇಳಬೇಕು. 1900ರಲ್ಲಿ ಬಾಕ್ಸರ್ ದಂಗೆಯನ್ನು ಅಡಗಿಸಲು ಬ್ರಿಟಿಷರು ಚೀನಕ್ಕೆ ಕಳುಹಿಸಿದ ದಂಡಿನಲ್ಲಿ ಭಾರತದ ಸಿಪಾಯಿಗಳೇ ಬಹುಸಂಖ್ಯಾತರು. ಅವರೊಡನೆ ಭಾರತದ ದಂಡಿನ ಅಂಚೆಯೂ ಹೋಯಿತು. ವಿಕ್ಟೋರಿಯಾ ರಾಣಿಯ ಮುಖವುಳ್ಳ ಭಾರತದ ಅಂಚೆಚೀಟಿಗಳ ಮೇಲೆ ‘ಸಿ. ಇ. ಎಫ್.’ ಎಂಬ ಮೂರು ಅಕ್ಷರಗಳನ್ನು ಒತ್ತಿ ಅಲ್ಲಿ ಬಳಸಿದರು. ಚೀನದ ದಂಡಯಾತ್ರೆಯ ಸೈನ್ಯ ಎಂದು ಅದರ ಅರ್ಥ. ರಾಣಿ ಹೋಗಿ ಎಡ್ವರ್ಡ್ ಬಂದು, ಎಡ್ವರ್ಡ್ ಹೋಗಿ ಜಾರ್ಜ್ ಬಂದರೂ ಆ ಮೂರಕ್ಷರ ಹೋಗಲಿಲ್ಲ. ದಂಗೆ ಅಡಗಿ ಹದಿನೈದು ಇಪ್ಪತ್ತು ವರ್ಷಗಳ ಮೇಲೂ ಆ ಚೀಟಿಗಳು ಚಲಾವಣೆಯಲ್ಲಿದ್ದುವು. ತನ್ನ ಮನೆಯ ಅಂಚೆಯ ಮೇಲೆ ತನಗೇ ಅಧಿಕಾರವಿಲ್ಲದ ಭಾರತವು ಅನ್ಯರ ಮನೆಯಲ್ಲಿ ಅತಿಥಿ ಅಂಚೆಯನ್ನು ಹೂಡಿದ ವೈಚಿತ್ರ್ಯವಿದು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ನಮ್ಮ ಮೈಸೂರಿನ ಅಂಚೆಯೂ 1889ರಲ್ಲಿಯೇ ಬ್ರಿಟಿಷ್ ಭಾರತದ ಟಪಾಲು ಇಲಾಖೆಯಲ್ಲಿ ಲೀನವಾಗಿಹೋಗಿದ್ದಿತು.

ಅತಿಥಿ ಅಂಚೆಯಿಂದ ಚೀನಕ್ಕಾದ ಹಾನಿ ಯಾವ ಬಗೆಯದು? ವರಮಾನದ ನಷ್ಟ ಎಲ್ಲರಿಗೂ ಕಾಣುವಂಥದು: ಒಳನಾಡಿನಲ್ಲಿ ಬೆಟ್ಟಗುಡ್ಡಗಳನ್ನು ಹತ್ತಿಳಿದು ನಷ್ಟದಲ್ಲಿ ಕಾಗದ ಹಂಚುವ ಕಷ್ಟ ಚೀನದ್ದು, ರೇವುಪಟ್ಟಣದ ಕೊಬ್ಬಿದ ವ್ಯಾಪಾರದ ಟಪಾಲಿನ ಲಾಭ ಅತಿಥಿಗಳದ್ದು. ಚೀನವು ವಿಶ್ವ ಅಂಚೆ ಒಕ್ಕೂಟದ ಸದಸ್ಯನಾಗಿಲ್ಲದಿದ್ದ ಕಾಲದಲ್ಲಿ ಒಳನಾಡಿನಿಂದ ಯೂರೋಪಿಗೆ ಹೋಗಬೇಕಾದ ಲಕೋಟೆಗೆ ರೇವಿನವರೆಗೆ ಚೀನದ ಚೀಟಿಯನ್ನೂ, ಅಲ್ಲಿಂದಾಚೆಗೆ ಹಾಂಗ್‌ಕಾಂಗಿನದನ್ನೋ ಫ್ರಾನ್ಸಿನದನ್ನೋ ಅಂಟಿಸಬೇಕಾಗುತ್ತಿದ್ದಿತು. ಒಂದೇ ಲಕೋಟೆಯ ಮುಖದ ಮೇಲೆ ಡ್ರ್ಯಾಗನ್ನೂ ಬ್ರಿಟಿಷ್ ರಾಣಿಯೂ ಅಕ್ಕಪಕ್ಕದಲ್ಲಿ ಕುಳಿತಿರುವ ಅಂಥ ಲಕೋಟೆಗಳಿಗೆ ಇಂದು ಹರಾಜಿನ ಕಟ್ಟೆಯಲ್ಲಿ ದೊಡ್ಡ ಬೆಲೆ. ವರಮಾನಕ್ಕಿಂತ ದೊಡ್ಡ ಕೇಡೆಂದರೆ ಮುದ್ರೆಯೊತ್ತಿದ ಟಪಾಲಿನ ಚೀಲ. ಪರದೇಶದ ಅಂಚೆಯ ಚೀಲವನ್ನು ಬಿಚ್ಚಿನೋಡುವ ಅಧಿಕಾರ ಚೀನದ ಸುಂಕದವರಿಗಿರಲಿಲ್ಲವಾಗಿ ಸುಂಕ ತಪ್ಪಿಸಿದ ಸಾಮಾನೂ ಅಫೀಮೂ ಪಾರ್ಸಲುಗಳಲ್ಲಿ ನಿರಾತಂಕವಾಗಿ ಒಳಬಂದುವು. ವಿಶೇಷವಾಗಿ ಜಪಾನೀ ಅಂಚೆಯ ಮೂಲಕ ಹರಿದುಬಂದ ಮಾರ್ಫಿನ್ನಿನ ವಿಷಯವಾಗಿ ಆ ಕಾಲದಲ್ಲಿ ದೊಡ್ಡ ಕೂಗೆದ್ದಿತು. ಆದರೂ ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ಅರಸೊತ್ತಿಗೆಯನ್ನು ಉರುಳಿಸಲು ಹೊರಟ ಸುಧಾರಕರ, ಕ್ರಾಂತಿಕಾರರ ಪತ್ರಿಕೆಗಳಿಗೂ ಆ ಬಿಚ್ಚಲಾಗದ ಚೀಲವೇ ರಕ್ಷೆಯಾಯಿತು.

ಹಾರ್ಟನು ತೀರಿಕೊಂಡ ವರ್ಷವೇ, 1911ರಲ್ಲಿ, ಅಂಚೆಯನ್ನು ಸುಂಕದ ಇಲಾಖೆಯಿಂದ ಬೇರ್ಪಡಿಸಿ ಚೀನದ ಸಾರಿಗೆ ಸಂಪರ್ಕಗಳ ಮಂತ್ರಾಲಯಕ್ಕೆ ಒಪ್ಪಿಸಿದರು. ಮಂತ್ರಾಲಯ ಚೀನದ್ದಾದರೂ ಮುಖ್ಯಾಧಿಕಾರಿ ಪಿರಿಯೇ. ಕೆಲವೇ ತಿಂಗಳಲ್ಲಿ ಕ್ರಾಂತಿ ಸಿಡಿದು, 1912ರ ಆರಂಭದಲ್ಲಿ ನಾನ್‌ಕಿಂಗಿನಲ್ಲಿ ಸುನ್ ಯಾತ್ ಸೆನ್ ಗಣರಾಜ್ಯದ ತಾತ್ಕಾಲಿಕ ಅಧ್ಯಕ್ಷರಾದರು. ಪೀಕಿಂಗಿನಲ್ಲಿ ಚಕ್ರವರ್ತಿ ಇನ್ನೂ ಸಿಂಹಾಸನ ಬಿಟ್ಟಿರಲಿಲ್ಲ. ಅಂಚೆಯವರು ಯಾರ ಕಡೆ ನಿಲ್ಲಬೇಕು? ಪಿರಿಯು ತನಗೆ ಜಾಣ್ಮೆಯೆಂದು ತೋರಿದ ಒಂದು ಉಪಾಯ ಹೂಡಿದನು. ಡ್ರ್ಯಾಗನ್ ಚಿತ್ರದ ಹಳೆಯ ಚೀಟಿಗಳ ಮೇಲೆ ನಾಲ್ಕು ಚೀನೀ ಅಕ್ಷರಗಳನ್ನು ಮೇಲಚ್ಚು ಹಾಕಿಸಿದನು: ‘ತಾತ್ಕಾಲಿಕ ತಾಟಸ್ಥ್ಯ’. ಒಂದು ದೇಶದ ಅಂಚೆ ಆ ದೇಶದ ಭವಿಷ್ಯದ ವಿಷಯದಲ್ಲಿಯೇ ತಟಸ್ಥವೆಂದು ತನ್ನ ಚೀಟಿಗಳ ಮೇಲೆಯೇ ಸಾರಿಕೊಂಡುದು ಲೋಕದ ಅಂಚೆಯ ಇತಿಹಾಸದಲ್ಲಿ ಇದೊಂದೇ ಇರಬೇಕು! ತಾವು ಪರದೇಶದ ದಂಡಾಧಿಪತಿಗಳೆ, ತಟಸ್ಥರಾಗಿರಲು, ಎಂದು ಗಣರಾಜ್ಯದವರು ಕೆರಳಿದುದು ಸಹಜವೇ. ಪ್ರತಿಭಟನೆ ಬಂದ ಮೇಲೆ ಮಾಡಿದ ತಿದ್ದುಪಡಿ ಮೊದಲಿನ ತಪ್ಪನ್ನೂ ಮೀರಿಸಿತು. ಆ ನಾಲ್ಕು ಅಕ್ಷರಗಳ ಜೊತೆಗೆ ‘ಚೀನೀ ಗಣರಾಜ್ಯ’ ಎಂಬ ಬೇರೆ ನಾಲ್ಕು ಅಕ್ಷರಗಳನ್ನು ಅಡ್ಡಲಾಗಿ ಒತ್ತಲು, ಓದುವವನಿಗೆ ಗಣರಾಜ್ಯವೇ ತಾತ್ಕಾಲಿಕವಾಗಿ ತಟಸ್ಥವೆಂಬ ಅರ್ಥ ಬಂದಿತು. ಮತ್ತೆ ಕೂಗೆದ್ದು, ತಾಟಸ್ಥ್ಯವನ್ನು ತೆಗೆದುಹಾಕಿ, ಬರಿಯ ಗಣರಾಜ್ಯದ ಹೆಸರನ್ನು ಉಳಿಸಿದ ಚೀಟಿಗಳು ಹೊರಟುವು. ಒಂದು ಉಗುರಿನಗಲದ ಕಾಗದದ ಮೇಲೆ ಎಂಟು ಅಕ್ಷರಗಳ ಈ ಜಗಳವನ್ನು ನೋಡಿದರೆ, ಅಂಚೆಯನ್ನು ಮರಳಿ ಪಡೆಯುವುದೆಂದರೆ ಕಿಟಕಿಯ ಒಳಗೆ ಕುಳಿತವನನ್ನೂ ಹೊರಗೆ ಅಂಗಡಿ ಹೂಡಿದವನನ್ನೂ ಏಕಕಾಲದಲ್ಲಿ ಎದುರಿಸುವುದೆಂಬುದು ಮನದಟ್ಟಾಗುವುದು.

1914ರ ಮಾರ್ಚ್ 1ರಂದು ಚೀನವು ವಿಶ್ವ ಅಂಚೆ ಒಕ್ಕೂಟವನ್ನು ಸೇರಿತು. ಒಕ್ಕೂಟಕ್ಕೆ ಸೇರದ ದೇಶದಲ್ಲಿ ನಾಗರಿಕ ರಾಷ್ಟ್ರಗಳು ತಮ್ಮ ಅಂಚೆಯನ್ನು ಇಟ್ಟುಕೊಳ್ಳದೆ ಗತ್ಯಂತರವಿಲ್ಲವೆಂಬ ನೆವ ಅಲ್ಲಿಗೆ ಬಿದ್ದುಹೋಗಬೇಕಾಗಿದ್ದಿತು. ಬೀಳಲಿಲ್ಲ. ಅಂಗಡಿಗಳು ಮುಚ್ಚಿದುದು ನ್ಯಾಯದಿಂದಲ್ಲ, ಯುದ್ಧದಿಂದ: 1917ರಲ್ಲಿ ಚೀನವು ಜರ್ಮನಿಯೊಡನೆ ಸಂಬಂಧ ಕಡಿದುಕೊಂಡಾಗ ಜರ್ಮನ್ ಅಂಚೆ ಮುಚ್ಚಿತು, ಝಾರ್ ಸಾಮ್ರಾಜ್ಯ ಉರುಳಿದ ಮೇಲೆ 1920ರಲ್ಲಿ ರಷ್ಯದ್ದೂ ಮುಚ್ಚಿತು. ಉಳಿದ ನಾಲ್ವರು ಯುದ್ಧದಲ್ಲಿ ಗೆದ್ದವರು. 1919ರ ಪ್ಯಾರಿಸ್ ಸಮ್ಮೇಳನದಲ್ಲಿ ಚೀನದ ಪ್ರತಿನಿಧಿಗಳು ಬಗೆಹರಿಯಬೇಕಾದ ವಿಷಯಗಳ ಪಟ್ಟಿಯೊಂದನ್ನು ಮುಂದಿಟ್ಟು, ಅದರಲ್ಲಿ ಅಂಚೆಯನ್ನೂ ಸೇರಿಸಿದ್ದರು. ಅದು ಈ ಸಭೆಯ ವ್ಯಾಪ್ತಿಗೆ ಬಾರದೆಂದು ಗೆದ್ದವರು ಕಡತವನ್ನು ಬದಿಗಿರಿಸಿದರು.

ಮತ್ತೊಂದು ಸಂದರ್ಭ ಒದಗಿದುದು 1921ರ ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಸಮ್ಮೇಳನದಲ್ಲಿ. ಚೀನದ ಪಕ್ಷದಲ್ಲಿ ಮಾತನಾಡಿದವರಲ್ಲಿ ಪ್ರಮುಖರು ಅಮೆರಿಕದಲ್ಲಿಯೇ ಓದಿ, ಅಲ್ಲಿಯೇ ಚೀನದ ರಾಯಭಾರಿಯಾಗಿದ್ದ ಷಿ ಜಾವೋಜಿ. ಅವರ ಜೊತೆಗೆ ವೆಲಿಂಗ್ಟನ್ ಕೂ ಎಂದು ಹೊರಲೋಕದಲ್ಲಿ ಹೆಸರಾದ ಗು ವೈಜುನ್, ನ್ಯಾಯಶಾಸ್ತ್ರಜ್ಞರಾದ ವಾಂಗ್ ಚುಂಗ್‌ಹುಯಿ. ಷಿ ಅವರ ವಾದದಲ್ಲಿ ಆವೇಶವಿರಲಿಲ್ಲ, ಗಣಿತವಿದ್ದಿತು: ಚೀನವು ಇಡೀ ದೇಶವನ್ನು ವ್ಯಾಪಿಸುವ ಅಂಚೆಯನ್ನು ನಡೆಸುತ್ತಿದೆ, ಒಕ್ಕೂಟದ ಸಮಸ್ತ ದೇಶಗಳೊಡನೆ ಅದಕ್ಕೆ ವ್ಯವಹಾರವಿದೆ, ಪರರ ಅಂಚೆಯಿಂದ ಅದರ ಬೆಳವಣಿಗೆಗೆ ತಡೆಯೂ ಬೊಕ್ಕಸಕ್ಕೆ ನಷ್ಟವೂ ಆಗುತ್ತಿದೆ, ಆ ಅಂಚೆಗಳಿಗೆ ಯಾವ ಒಡಂಬಡಿಕೆಯ ಆಧಾರವೂ ಇಲ್ಲ. ಕೊನೆಯ ಈ ಮಾತಿಗೆ ಎದುರುತ್ತರ ಕೊಡುವುದು ಯಾರಿಗೂ ಸಾಧ್ಯವಿರಲಿಲ್ಲ. ಅಮೆರಿಕಕ್ಕೆ ಬಿಡುವುದು ಸುಲಭ, ಅದರದ್ದು ಶಾಂಘಾಯಿಯ ಒಂದೇ ಒಂದು ಮನೆ. ಬ್ರಿಟನ್ ಫ್ರಾನ್ಸ್‌ಗಳವು ಒಂದೊಂದು ಡಜನ್ನಿನ ಆಸುಪಾಸು. ಜಪಾನಿನವು ನೂರಕ್ಕೂ ಮಿಕ್ಕು, ಅವುಗಳಲ್ಲಿ ಬಹುಪಾಲು ಮಂಚೂರಿಯದಲ್ಲಿ.

1922ರ ಫೆಬ್ರುವರಿಯಲ್ಲಿ ಕೊನೆಗೂ ತಿಥಿ ಗೊತ್ತಾಯಿತು: 1923ರ ಜನವರಿ 1ನೆಯ ತಾರೀಖಿನ ಒಳಗಾಗಿ ನಾಲ್ಕು ರಾಷ್ಟ್ರಗಳೂ ತಮ್ಮ ಅಂಚೆಯನ್ನು ತೆಗೆಯತಕ್ಕದ್ದು. ಆದರೆ ಷರತ್ತುಗಳಿಲ್ಲದ ದಾನ ಆ ಮೇಜಿನ ಮೇಲೆ ಇರಲಿಲ್ಲ. ಚೀನದ ಅಂಚೆ ದಕ್ಷತೆಯಿಂದ ನಡೆಯಬೇಕು ಎಂಬುದು ಒಂದು. ಪರದೇಶೀಯನಾದ ಸಹ ಮುಖ್ಯಾಧಿಕಾರಿಯ ಸ್ಥಾನಮಾನದಲ್ಲಿ ಯಾವ ಬದಲಾವಣೆಯನ್ನೂ ಮಾಡುವ ಉದ್ದೇಶ ತಮಗಿಲ್ಲವೆಂದು ಚೀನದ ಸರ್ಕಾರ ಭರವಸೆ ಕೊಡಬೇಕೆಂಬುದು ಇನ್ನೊಂದು. ಗುತ್ತಿಗೆ ಪ್ರದೇಶಗಳನ್ನಂತೂ ಈ ನಿರ್ಣಯದಿಂದ ಹೊರಗಿಟ್ಟಿದ್ದರು. ಹೊರಗಿನ ಅತಿಥಿ ಹೊಸ್ತಿಲು ದಾಟುವಾಗ ಒಳಗಿನ ಅತಿಥಿಗೆ ಆಸನ ಭದ್ರಪಡಿಸಿಯೇ ಹೋದನೆನ್ನಬೇಕು.

ಹಾಗಿದ್ದರೂ 1922ರ ಡಿಸೆಂಬರು ಕಳೆಯುವಷ್ಟರಲ್ಲಿ ಶಾಂಘಾಯಿಯ ಪರದೇಶೀ ಅಂಚೆಗಳ ಕಿಟಕಿಗಳು ಮುಚ್ಚಿದುವು, ನನ್ನ ಮಿತ್ರರ ಆಲ್ಬಮ್ಮಿನ ವಾಷಿಂಗ್ಟನ್ನರಿಗೂ ಕೆಲಸ ತಪ್ಪಿತು. 1924ರಲ್ಲಿ ಅದೇ ಊರಿನ ಸೂಚೌ ಕಾಲುವೆಯ ದಂಡೆಯಲ್ಲಿ, ಸಿಚುವಾನ್ ರಸ್ತೆಯ ಸೇತುವೆಯ ಮಗ್ಗುಲಲ್ಲಿ, ಗಡಿಯಾರದ ಗೋಪುರವನ್ನು ಹೊತ್ತ ಚೀನದ ಪ್ರಧಾನ ಅಂಚೆಯ ಮಂದಿರ ಎದ್ದುನಿಂತಿತು. ಕಂಬಗಳ ಸಾಲಿನಿಂದ ಗೋಪುರದ ತುದಿಯವರೆಗೆ ಅದರ ವಾಸ್ತುವೆಲ್ಲ ಯೂರೋಪಿನದೇ ಎಂಬುದನ್ನು ನೋಡಿ ನಗಬಹುದು. ಆದರೆ ಆ ಬಾಗಿಲಲ್ಲಿ ಇನ್ನು ಮಾರುತ್ತಿದ್ದುದು ಒಂದೇ ದೇಶದ ಅಂಚೆಚೀಟಿ.

ಬಾಲಂಗೋಚಿಗಳು ಉಳಿದುವು. ಬ್ರಿಟಿಷರ ಗುತ್ತಿಗೆಯಲ್ಲಿದ್ದ ವೈಹೈವೈ ರೇವಿನಲ್ಲಿ ‘ಚೈನಾ’ ಮೇಲಚ್ಚಿನ ಚೀಟಿಗಳು 1930ರಲ್ಲಿ ಗುತ್ತಿಗೆ ಮುಗಿಯುವವರೆಗೂ ನಡೆದುವು. ಮಂಚೂರಿಯದ ರೈಲುದಾರಿಯ ಪಟ್ಟಿಯಲ್ಲಿ ಜಪಾನು ಕದಲಲಿಲ್ಲ. ಕದಲದಿದ್ದುದಷ್ಟೇ ಅಲ್ಲ, 1931ರಲ್ಲಿ ಇಡೀ ಮಂಚೂರಿಯವನ್ನೇ ಆಕ್ರಮಿಸಿ, ಮರುವರ್ಷ ಅಲ್ಲೊಂದು ಕೈಗೊಂಬೆ ರಾಜ್ಯವನ್ನು ಸ್ಥಾಪಿಸಿತು. ಆಗ ಚೀನದ ಅಂಚೆಯವರು ಮಾಡಿದ ಕಾರ್ಯ ನನಗೆ ವಾಷಿಂಗ್ಟನ್ನಿನ ನಿರ್ಣಯಕ್ಕಿಂತ ದೊಡ್ಡದಾಗಿ ತೋರುತ್ತದೆ. 1932ರ ಜುಲೈಯಲ್ಲಿ ಅವರು ಮಂಚೂರಿಯದ ತಮ್ಮ ಕಚೇರಿಗಳನ್ನೆಲ್ಲ ಮುಚ್ಚಿ, ನೌಕರರನ್ನು ಮಹಾಗೋಡೆಯ ಈಚೆಗೆ ಕರೆದುಕೊಂಡು, ಆ ರಾಜ್ಯದ ಹೆಸರುಳ್ಳ ಚೀಟಿ ಅಂಟಿಸಿದ ಯಾವ ಕಾಗದವನ್ನೂ ಮುಟ್ಟುವುದಿಲ್ಲವೆಂದು ಸಾರಿದರು. ಎರಡೂವರೆ ವರ್ಷ ಎರಡು ಕಡೆಯ ಬಂಧುಗಳ ನಡುವೆ ಸರಿಯಾದ ಟಪಾಲಿಲ್ಲ. ಕಡೆಗೆ 1935ರ ಆರಂಭದಲ್ಲಿ ರಾಜಿಯಾಗಿ, ಚೀನಕ್ಕೆ ಹೋಗುವ ಕಾಗದಗಳಿಗೆಂದೇ ಮಂಚೂರಿಯದವರು ಪ್ರತ್ಯೇಕ ಚೀಟಿಗಳನ್ನು ಅಚ್ಚುಹಾಕಿಸಿದರು. ಅವುಗಳ ಮೇಲೆ ದೇಶದ ಹೆಸರಿರಲಿಲ್ಲ. ಅದೇ ಸುಮಾರಿನಲ್ಲಿ, 1934ರ ಅಂತ್ಯಕ್ಕೆ, ಸುಟ್ಟ ಮೂಲೆಯ ಲಕೋಟೆ ಹೊತ್ತ ಹಳೆಯ ಕಾಗದದಂಗಡಿಗಳನ್ನೂ ಸರ್ಕಾರದ ಅಪ್ಪಣೆಯಂತೆ ಮುಚ್ಚಿಸಿದರು. ಪರದೇಶದವರನ್ನು ಕಳುಹಿಸಿದ ಅಂಚೆ ತನ್ನವರನ್ನೂ ಉಳಿಸಲಿಲ್ಲ.

ಇನ್ನು ನಮ್ಮ ಪಾಲಿನದು. ಬ್ರಿಟಿಷ್ ಅಧಿಕಾರಿ ಯಂಗ್‌ಹಸ್‌ಬೆಂಡನ ದಂಡು 1904ರಲ್ಲಿ ಲಾಸಾಕ್ಕೆ ನುಗ್ಗಿದಾಗ ಅದರ ಬೆನ್ನಿಗೆ ಟಿಬೆಟ್ಟಿನೊಳಕ್ಕೆ ಹೋದ ಭಾರತದ ಅಂಚೆ ದಂಡು ಮರಳಿದ ಮೇಲೆಯೂ ಗ್ಯಾಂತ್ಸೆ, ಫಾರಿ, ಯಾತುಂಗ್‌ಗಳಲ್ಲಿ ನೆಲೆನಿಂತಿತು. ಟಿಬೆಟ್ಟಿನವರಿಗೆ ತಮ್ಮದೇ ಆದ ಸಿಂಹದ ಚಿತ್ರದ ಚೀಟಿಗಳಿದ್ದುವು. ಆದರೆ ಅವು ಗ್ಯಾಂತ್ಸೆಯವರೆಗೆ ಮಾತ್ರ, ಅಲ್ಲಿಂದ ಹೊರಲೋಕಕ್ಕೆ ಭಾರತದ ಚೀಟಿಯನ್ನೂ ಅಂಟಿಸಬೇಕು. ಶಾಂಘಾಯಿಯ ಜೋಡಿ ಚೀಟಿಯ ಲಕೋಟೆಯೇ ಹಿಮಾಲಯವೇರಿ ಮತ್ತೆ ಕಾಣಿಸಿಕೊಂಡಂತಾಯಿತು. 1947ರ ತರುವಾಯ ಆ ಮನೆಗಳು ಸ್ವತಂತ್ರ ಭಾರತಕ್ಕೆ ಉತ್ತರಾಧಿಕಾರವಾಗಿ ಬಂದುವು. ಟಿಬೆಟ್ಟಿನ ಸ್ಥಾನಮಾನದ ವಿವಾದ ಬೇರೆಯೇ ಗ್ರಂಥಕ್ಕೆ ವಿಷಯ. ಅಂಚೆಯ ಮಟ್ಟಿಗೆ ಹೇಳುವುದಾದರೆ, ಪಂಚಶೀಲವೆಂದು ಪ್ರಸಿದ್ಧವಾದ 1954ರ ಏಪ್ರಿಲ್ 29ರ ಒಪ್ಪಂದದ ಜೊತೆಗೆ ವಿನಿಮಯವಾದ ಪತ್ರಗಳಲ್ಲಿ, ಟಿಬೆಟ್ಟಿನಲ್ಲಿರುವ ತನ್ನ ಅಂಚೆ, ತಂತಿ, ಟೆಲಿಫೋನುಗಳನ್ನು ಸಲಕರಣೆಗಳ ಸಮೇತ ನ್ಯಾಯವಾದ ಬೆಲೆಗೆ ಚೀನಕ್ಕೆ ಒಪ್ಪಿಸುವುದಾಗಿ ಭಾರತ ಸರ್ಕಾರ ಬರೆದುಕೊಟ್ಟಿತು. ಆ ಜುಲೈ ತಿಂಗಳಲ್ಲಿ ಗ್ಯಾಂತ್ಸೆಯ ಹೊಳೆ ಉಕ್ಕಿ ಬಂದು, ಭಾರತದ ವ್ಯಾಪಾರ ಪ್ರತಿನಿಧಿಯ ಕಟ್ಟಡಗಳನ್ನು ಅನೇಕ ಜೀವಗಳೊಡನೆ ಕೊಚ್ಚಿಕೊಂಡು ಹೋಯಿತು. ಉಳಿದುದನ್ನು 1955ರ ಏಪ್ರಿಲ್ 1ರಂದು ಒಪ್ಪಿಸಿದರು. ಮಿತ್ರರ ಆಲ್ಬಮ್ಮಿನಲ್ಲಿ ವಾಷಿಂಗ್ಟನ್ನರ ಹಸುರು ಚೀಟಿಯಿಂದ ಮೂರು ಪುಟ ಮುಂದಕ್ಕೆ ಗ್ಯಾಂತ್ಸೆಯ ಠಸ್ಸೆಯೊತ್ತಿದ ಭಾರತದ ಚೀಟಿಯೊಂದಿತ್ತು. ಅದರ ಮೇಲೆ ಯಾವ ಮೇಲಚ್ಚೂ ಇರಲಿಲ್ಲ.